ಎರಡೂವರೆ ಬೆರಳು ಚೋಕ್

ಮುಂಬೈಯಲ್ಲಿ ಚಳಿ ಬೀಳುವುದು ವರ್ಷಕ್ಕೆ ಹನ್ನೊಂದು ದಿನ. ಉಳಿದ ಮುನ್ನೂರ ಐವತ್ತನಾಲ್ಕು ದಿನ ಜನ ಸ್ವೆಟರಿಗೆ ನುಸಿಗುಳಿಗೆ ಹಾಕಿಟ್ಟು ಅದರ ದಾರಿ ಕಾಯುತ್ತಾರೆ. ಸಾಂತಾಕ್ರೂಜಿನ ಶಾಂತಿಕುಂಜ ಬಿಲ್ಡಿಂಗಿನ ವಾಚ್‌ಮನ್ ಯಲ್ಲಾಲಿಂಗ ಕಲಬುರಗಿ ಕಡೆಯವನು, ಬಿಸಿಲಿನಲ್ಲೇ ಬೆಂದು ಬೆಳೆದವನು. ಇಪ್ಪತ್ತೆರಡು ಡಿಗ್ರಿಗೆ ಅವನು ಮಂಕಿ ಕ್ಯಾಪ್ ಹಾಕುತ್ತಾನೆ. ಹದಿನೆಂಟಕ್ಕೆ ಅದರ ಮೇಲೆ ಮಫ್ಲರ್. ಹದಿನಾಲ್ಕಕ್ಕೆ ಇಳಿದರೆ ಮುಖದಲ್ಲಿ ಮೂಗು ಮಾತ್ರ ಕಾಣುತ್ತದೆ. ಒಳಗೆ ಬಂದವರು ಯಾರು ಎಂಬುದನ್ನು ಅವನು ವಾಸನೆಯಿಂದಲೇ ಹೇಳುತ್ತಾನೆ ಎಂದು ಬಿಲ್ಡಿಂಗಿನಲ್ಲಿ ನಂಬಿಕೆ. ಎರಡನೇ ಮಹಡಿಯ ಸದಾನಂದ ಬಂದರೆ ಪೆಟ್ರೋಲ್ ವಾಸನೆ.

ಯಾಕೆಂದರೆ ಆ ಹನ್ನೊಂದು ದಿನ ಸದಾನಂದನ ಪದ್ಮಿನಿ ಏಳುತ್ತಿರಲಿಲ್ಲ.

ಸದಾನಂದನಿಗೆ ಅರವತ್ತೊಂದು. ಊರು ಉಡುಪಿ ಹತ್ತಿರ, ಆದರೆ ಮೀಸೆ ಬಂದದ್ದೂ ಹಣ್ಣಾದದ್ದೂ ಮುಂಬೈಯಲ್ಲಿ. ಗೋರೆಗಾಂವಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಆರಕ್ಕೆ ಮೊದಲ ಇಡ್ಲಿ ಇಳಿಯುವ ಹೊತ್ತಿಗೆ ಅವನು ಅಲ್ಲಿರಬೇಕು. ಮದುವೆಯಾದ ನಾಲ್ಕನೇ ವರ್ಷ ಪದ್ಮಿನಿ ಕಾರನ್ನು ಒಬ್ಬ ಪಾರ್ಸಿ ಮುದುಕನಿಂದ ಕೊಂಡದ್ದು. ಎಂಬತ್ತನಾಲ್ಕರ ಗಾಡಿ, ಕೆನೆ ಬಣ್ಣ, ಮುಂದಿನ ದೀಪಗಳಲ್ಲಿ ಒಂದು ಸ್ವಲ್ಪ ಬೇರೆ ಕಡೆ ನೋಡುತ್ತದೆ.

ಬಿಲ್ಡಿಂಗಿನವರು ಕೇಳುತ್ತಾರೆ, ಸ್ಟೇಷನ್ ಐದು ನಿಮಿಷ, ಲೋಕಲ್ ಉಂಟು, ನಿಮಗೆ ಕಾರು ಯಾಕೆ ಅಂತ. ಸದಾನಂದ ಗಂಟುನೋವು ಎನ್ನುತ್ತಾನೆ. ಗಂಟುನೋವಿಲ್ಲ. ನಿಜ ಸಂಗತಿ ಇಷ್ಟೇ: ಶಾಂತಿಕುಂಜದ ಗೋಡೆಗಳು ಹಪ್ಪಳದಷ್ಟು ತೆಳು. ಮೂರನೇ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದರೆ ಮೊದಲ ಮನೆಯಲ್ಲಿ ಸೀನುತ್ತಾರೆ. ಅಂಥ ಮನೆಯಲ್ಲಿ ಗಂಡ ಹೆಂಡತಿ ನೆಮ್ಮದಿಯಾಗಿ ಜಗಳವಾಡುವಂತಿಲ್ಲ. ಆದ್ದರಿಂದ ಸದಾನಂದ ಮತ್ತು ವಿನೋದಿನಿ ಜಗಳ ಬಂದಾಗಲೆಲ್ಲ ಕೆಳಗಿಳಿದು ಕಾರಿನಲ್ಲಿ ಕೂತು, ನಾಲ್ಕೂ ಗಾಜು ಏರಿಸಿ, ಹೈವೇ ಹಿಡಿಯುತ್ತಿದ್ದರು. ಸಣ್ಣ ಜಗಳಕ್ಕೆ ಅಂಧೇರಿ ಸಾಕು. ಅತ್ತೆಯ ವಿಷಯ ಬಂದರೆ ಬೊರಿವಲಿ. ಒಂದು ಸಲ, ಚಿನ್ನದ ಬಳೆಯೊಂದರ ವಿಚಾರಕ್ಕೆ, ಅವರು ಗುಜರಾತ್ ಗಡಿಯವರೆಗೆ ಹೋಗಿ, ಅಲ್ಲಿ ಚಾ ಕುಡಿದು, ರಾಜಿಯಾಗಿ ಬಂದದ್ದುಂಟು. ಜಗಳ ಜೋರಾಗಿ ಸದಾನಂದ ಎಡಗಡೆ ತಿರುಗಿದರೆ ಸಾಕು, ವಿನೋದಿನಿ ಹೇಳುತ್ತಿದ್ದಳು: “ಮೊದಲು ಮುಂದೆ ನೋಡಿ ಗಾಡಿ ಬಿಡಿ.” ಅಲ್ಲಿಗೆ ಜಗಳ ಮುಗಿದ ಹಾಗೆ.

ಅವಳು ಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ಅವಳ ಸೀರೆ ಉಂಟು, ಫೋಟೋ ಉಂಟು, ಫೋಟೋಕ್ಕೆ ಪ್ಲಾಸ್ಟಿಕ್ ಮಾಲೆಯೂ ಉಂಟು. ಆದರೆ ಅವಳು ಅಲ್ಲಿಲ್ಲ. ಇದ್ದರೆ ಕಾರಿನ ಎಡಗಡೆ ಸೀಟಿನಲ್ಲಿ ಇದ್ದಾಳೆ ಎಂದು ಸದಾನಂದನಿಗೆ ಅನಿಸಿಬಿಟ್ಟಿತ್ತು. ದಿನಾ ಬೆಳಿಗ್ಗೆ ಗೋರೆಗಾಂವ್ ಮುಟ್ಟುವವರೆಗೆ ಅವನು ಹಿಂದಿನ ದಿನದ ವರದಿ ಒಪ್ಪಿಸುತ್ತಿದ್ದ. ಚಟ್ನಿಗೆ ಉಪ್ಪು ಜಾಸ್ತಿಯಾದದ್ದು, ಮೇಲಿನ ಮನೆಯವರ ನಲ್ಲಿ ಸೋರುವುದು. ಹೋಟೆಲಿನಲ್ಲಿ ಅವನು ಮಾತಾಡುವುದು “ಎರಡು ಇಡ್ಲಿ, ಒಂದು ವಡೆ” ಮಾತ್ರ. ಮನೆಗೆ ಬಂದ ಮೇಲೆ ಅದೂ ಇಲ್ಲ.

ಅವಳು ಹೋದ ಮೊದಲ ಚಳಿಗಾಲದಲ್ಲಿ ಗಾಡಿ ಮೊದಲ ಸಲ ಮುಷ್ಕರ ಹೂಡಿತು. ಇಪ್ಪತ್ತು ವರ್ಷ ಎಂಥ ಚಳಿಗೂ ಒಂದೇ ಕೀಗೆ ಎದ್ದ ಗಾಡಿ. ಆಗ ಬಿಲ್ಡಿಂಗಿನಿಂದ ಹತ್ತು ಜನ ಇಳಿದು ಬಂದು ತಳ್ಳಿದರು. ಹೆಂಡತಿ ಸತ್ತವನ ಗಾಡಿ, ತಳ್ಳದಿರುವುದು ಹೇಗೆ? ಈ ವರ್ಷ ಜನವರಿಯಲ್ಲಿ ಮೊದಲ ದಿನ ನಾಲ್ವರು ಬಂದರು. ಎರಡನೇ ದಿನ ಇಬ್ಬರು. ಮೂರನೇ ದಿನ ಯಲ್ಲಾಲಿಂಗ ಒಬ್ಬನೇ.

“ಇವತ್ತೂ ಮಲಗ್ಯಾಳೇನ್ರಿ ನಿಮ್ಮ ಪದ್ಮಿನಿ?” ಎಂದ ಯಲ್ಲಾಲಿಂಗ, ಮಫ್ಲರಿನ ಒಳಗಿನಿಂದ.

“ಚಳಿ ಅಲ್ವಾ ಮಾರಾಯ. ವಯಸ್ಸಾಯ್ತು.”

“ನಿಮಗೋ ಅಕಿಗೋ?”

“ತಳ್ಳು ನೀನು.”

ಚಳಿಗೆ ಗಾಡಿ ಎಬ್ಬಿಸುವ ವಿದ್ಯೆ ಸದಾನಂದನಿಗೆ ಗೊತ್ತಿಲ್ಲ ಎಂದಲ್ಲ. ಅವನು ಅದರಲ್ಲಿ ಪಂಡಿತ. ಸ್ಟೇರಿಂಗಿನ ಎಡಪಕ್ಕ ಚೋಕ್ ಎಂಬ ಒಂದು ಗುಂಡಿ ಉಂಟು. ಅದನ್ನು ಹೊರಗೆ ಎಳೆದರೆ ಇಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ; ತಣ್ಣಗಿನ ಇಂಜಿನ್ನಿಗೆ ಅದೇ ಕಷಾಯ. ಎಷ್ಟು ಎಳೆಯಬೇಕು ಎಂಬುದರಲ್ಲಿದೆ ಗುಟ್ಟು. ಸದಾನಂದನ ಶಾಸ್ತ್ರದ ಪ್ರಕಾರ ಮುಂಬೈಗೆ ಎರಡೂವರೆ ಬೆರಳು, ಲೋನಾವಳಕ್ಕೆ ಮೂರು, ಮಹಾಬಳೇಶ್ವರಕ್ಕೆ ಮೂರೂವರೆ. ಒಂದು ಡಿಸೆಂಬರಿನಲ್ಲಿ ಮಹಾಬಳೇಶ್ವರದ ಲಾಡ್ಜಿನ ಅಂಗಳದಲ್ಲಿ ಹನ್ನೆರಡು ಕಾರುಗಳು ಚಳಿಗೆ ಸತ್ತು ಮಲಗಿದ್ದಾಗ ಅವನ ಪದ್ಮಿನಿ ಮಾತ್ರ ಎದ್ದಿತ್ತು. ಆ ಹನ್ನೆರಡೂ ಮಾಲೀಕರನ್ನು ಸಾಲಾಗಿ ನಿಲ್ಲಿಸಿ ಅವನು ಚೋಕಿನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದ್ದ. ವಿನೋದಿನಿ ಪಕ್ಕದಲ್ಲಿ ನಿಂತು, ಶಾಲು ಹೊದ್ದು, ಒಂದು ಮಾತೂ ಆಡದೆ ಕೇಳಿದ್ದಳು.

ಈಗ ಎರಡೂವರೆ ಎಳೆದರೂ ಇಲ್ಲ, ಮೂರೂವರೆ ಎಳೆದರೂ ಇಲ್ಲ. ಬ್ಯಾಟರಿ ಹೊಸದು ಹಾಕಿಸಿದ. ಪಾಯಿಂಟ್ ಉಜ್ಜಿಸಿದ. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ. ರಾತ್ರಿ ಬಾನೆಟ್ ಮೇಲೆ ಊರಿಂದ ತಂದ ಕಂಬಳಿ ಹೊದಿಸಿದ. ಅದನ್ನು ಬೆಳಿಗ್ಗೆ ಒಂದು ನಾಯಿ ಹೊದ್ದು ಮಲಗಿತ್ತು, ಎಬ್ಬಿಸುವುದಕ್ಕೆ ಸದಾನಂದನಿಗೆ ಮನಸ್ಸಾಗಲಿಲ್ಲ. ಯಾರೋ ಹೇಳಿದರು ಅಂತ ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಹೋಟೆಲಿಗೆ ಒಯ್ದು ದೋಸೆ ಕಾವಲಿಯ ಮೂಲೆಯಲ್ಲಿ ಹುರಿದ. ಆ ದಿನದ ಮಸಾಲೆ ದೋಸೆ ತಿಂದ ಗಿರಾಕಿಯೊಬ್ಬ ಮರುದಿನ ಬಂದು, ನಿನ್ನೆಯದ್ದೇ ಬೇಕು, ಅದರಲ್ಲಿ ಎಂಥದೋ ವಿಶೇಷ ಇತ್ತು ಎಂದು ಹಠ ಹಿಡಿದ. ಪ್ಲಗ್‌ಗಳು ಮಾತ್ರ ಗಾಡಿಗೆ ವಾಪಸು ಬರುವಷ್ಟರಲ್ಲಿ ತಣ್ಣಗಾಗಿದ್ದವು.

ಬುಧವಾರ ಸೊಸೈಟಿಯ ಸೆಕ್ರೆಟರಿ ಮನೀಶ್ ಬಾಗಿಲು ತಟ್ಟಿದ. ಒಳ್ಳೆಯ ಹುಡುಗ, ಅದೇ ಬಿಲ್ಡಿಂಗಿನಲ್ಲಿ ಹುಟ್ಟಿದವನು, ಕೆಟ್ಟ ಸುದ್ದಿ ಹೇಳುವಾಗ ನಗುವ ಅಭ್ಯಾಸ. ಕೈಯಲ್ಲಿ ಒಂದು ಕಾಗದ.

“ಅಂಕಲ್, ಬುರಾ ಮತ್ ಮಾನ್ನಾ,” ಎಂದ. ಆಮೇಲೆ ತನಗೆ ಬರುವ ಅರೆಬರೆ ಕನ್ನಡವನ್ನೂ ಮಾತಿಗೆ ಸೇರಿಸಿದ. “ಬೇಜಾರ್ ಮಾಡ್ಬೇಡಿ, ಮೀಟಿಂಗಲ್ಲಿ ಪಾಸ್ ಆಯ್ತು. ನಡೀದೇ ಇರೋ ಗಾಡಿಗೆ ಪಾರ್ಕಿಂಗ್ ಇಲ್ಲ. ರೋಜ್ ಬೆಳಿಗ್ಗೆ ಧಕ್ಕಾ, ಆವಾಜ್, ಫಸ್ಟ್ ಫ್ಲೋರ್ ಕಂಪ್ಲೇಂಟ್.”

“ನಡೀತದೆ ಮಾರಾಯ. ಈ ಹನ್ನೊಂದು ದಿನ ಮಾತ್ರ.”

“ಸಂಡೇ ಬೆಳಿಗ್ಗೆ ಏಳಕ್ಕೆ. ಸೆಲ್ಫ್ ಸ್ಟಾರ್ಟ್, ಧಕ್ಕಾ ಇಲ್ಲ. ಮೂರು ಚಾನ್ಸ್. ಗೇಟ್ ದಾಟಿದ್ರೆ ಪಾರ್ಕಿಂಗ್ ನಿಮ್ದೇ. ಇಲ್ಲಾಂದ್ರೆ ಭಂಗಾರ್‌ವಾಲಾ ಬರ್ತಾನೆ, ಗುಜರಿಗೆ ಒಯ್ತಾನೆ. ನಾನೇ ಒಳ್ಳೇ ರೇಟ್ ಮಾತಾಡ್ತೀನಿ ಅಂಕಲ್.”

ಸದಾನಂದ ಸಹಿ ಹಾಕಿದ. ಬಾಗಿಲು ಹಾಕಿಕೊಂಡ ಮೇಲೆ ಅವನಿಗೆ ಹೊಳೆದದ್ದು, ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕೋ ಅವಳು ಕೂತಿರುವುದು ಅದೇ ಗಾಡಿಯಲ್ಲಿ. ಅವಳ ಹತ್ತಿರವೇ, ನಿನ್ನನ್ನು ಭಂಗಾರಕ್ಕೆ ಹಾಕುತ್ತಾರಂತೆ ಎಂದು ಹೇಗೆ ಹೇಳುವುದು? ಮರುದಿನ ಬೆಳಿಗ್ಗೆ ಅವನು ಲೋಕಲಿನಲ್ಲಿ ಹೋದ. ಇಡೀ ಡಬ್ಬದ ಜನ ಅವನಿಗೆ ಒತ್ತಿಕೊಂಡು ನಿಂತಿದ್ದರು. ಅಷ್ಟು ಹತ್ತಿರ ಎರಡು ವರ್ಷದಿಂದ ಅವನ ಪಕ್ಕ ಯಾರೂ ನಿಂತಿರಲಿಲ್ಲ. ಯಾರೂ ಮಾತಾಡಲೂ ಇಲ್ಲ.

ಶನಿವಾರ ಮಧ್ಯಾಹ್ನ ಅವನು ಇಡ್ಲಿ ವಡೆ ಕಟ್ಟಿಸಿಕೊಂಡು, ದಾದರಿನಲ್ಲಿ ಲೋಕಲ್ ಬದಲಿಸಿ, ವಿಕ್ರೋಳಿಗೆ ಹೋದ. ಅವನ ಕಾರಿನ ಹಳೇ ಮೇಸ್ತ್ರಿ ಖಂಡಪ್ಪ ಅಲ್ಲಿದ್ದ. ವಿಜಯಪುರದ ಕಡೆಯವನು. ಮುಂಬೈಯ ಅರ್ಧ ಪದ್ಮಿನಿಗಳ ಹೊಟ್ಟೆ ನೋಡಿದವನು. ಆದರೆ ಪದ್ಮಿನಿಗಳು ಊರು ಬಿಟ್ಟ ಮೇಲೆ ಅವನ ಫುಟ್‌ಪಾತ್ ಗ್ಯಾರೇಜೂ ಹೋಗಿ, ಒಂದು ಓಣಿಯ ತಗಡಿನ ಶೆಡ್ಡಿನಲ್ಲಿ ಮಿಕ್ಸರ್ ರಿಪೇರಿ ಮಾಡುತ್ತ ಕೂತಿದ್ದ.

“ಬರ್ರಿ ಅಣ್ಣಾರ,” ಎಂದ ಖಂಡಪ್ಪ, ಹತ್ತು ವರ್ಷದ ಮೇಲೆ ನೋಡಿದವನ ಹಾಗಲ್ಲ, ನಿನ್ನೆ ಬಿಟ್ಟು ಹೋದವನ ಹಾಗೆ. “ಗಾಡಿ ಅದನೋ ಮಾರಿದ್ರೋ?”

“ಉಂಟು. ಚಳಿಗೆ ಏಳುದಿಲ್ಲ. ನಾಳೆ ಎದ್ದಿಲ್ಲ ಅಂದ್ರೆ ಎಳ್ಕೊಂಡು ಹೋಗ್ತಾರೆ.” ಸದಾನಂದ ಬ್ಯಾಟರಿಯಿಂದ ಹಿಡಿದು ದೋಸೆ ಕಾವಲಿಯವರೆಗೆ ಎಲ್ಲ ಹೇಳಿದ.

ಖಂಡಪ್ಪ ಮಿಕ್ಸರಿನ ಒಳಗಿಂದ ಒಣಗಿದ ಚಟ್ನಿ ಕೆರೆಯುತ್ತ ಕೇಳಿದ. “ಧಕ್ಕಾ ಕೊಟ್ರ ಏಳ್ತದ?”

“ಏಳ್ತದೆ. ಒಮ್ಮೆ ಬಿಸಿ ಆದ್ರೆ ಮತ್ತೆ ಸಂಜೆವರೆಗೂ ತೊಂದ್ರೆ ಇಲ್ಲ.”

“ಚೋಕ್ ಎಷ್ಟ್ ಎಳೀತೀರಿ?”

“ಎರಡೂವರೆ ಬೆರಳು.”

ಖಂಡಪ್ಪನ ಕೈ ನಿಂತಿತು. ಅವನು ಮಿಕ್ಸರನ್ನು ಪಕ್ಕಕ್ಕಿಟ್ಟು, ಅದು ಕೇಳಿಸಿಕೊಳ್ಳಬಾರದು ಎಂಬಂತೆ ಅದರ ಮೇಲೆ ಒಂದು ಬಟ್ಟೆ ಮುಚ್ಚಿದ.

“ಅಕ್ಕಾರು ಹ್ಯಾಂಗದಾರ್ರಿ?”

“ಹೋಗಿ ಎರಡು ವರ್ಷ ಆಯ್ತು.”

ಖಂಡಪ್ಪ ಇಡ್ಲಿಯ ಪೊಟ್ಟಣವನ್ನು ಹತ್ತಿರಕ್ಕೆ ಎಳೆದುಕೊಂಡ. “ಹಂಗಾರ ಹೇಳಬಹುದು,” ಎಂದ. “ಅವರು ಇರೂತನಕ ಹೇಳಂಗಿಲ್ಲ ಅಂತ ಭಾಷೆ ಕೊಟ್ಟಿದ್ದೆ. ನಿಮ್ಮ ಗಾಡಿಗೆ ಚೋಕ್ ಇಲ್ರಿ.”

“ಉಂಟಲ್ಲ. ನಾನು ದಿನಾ ಎಳೀತೇನೆ.”

“ಗುಂಡಿ ಅದ. ಅದರ ವಾಯರ್ ಇಂಜಿನ್‌ಗೆ ಹೋಗಿಲ್ಲ. ಇಪ್ಪತ್ತು ವರ್ಷದ ಹಿಂದ ನಾನಽ ಬಿಚ್ಚೀನಿ. ಅಕ್ಕಾರು ಹೇಳಿದ್ರು.”

ಕತೆ ಹೀಗಿತ್ತು. ವಿನೋದಿನಿಗೆ ಒಂದು ಬಟ್ಟೆಯ ಕೈಚೀಲ ಇತ್ತು. ಅದರಲ್ಲಿ ನೀರಿನ ಬಾಟಲಿ, ಕೊಡೆ, ಗುಳಿಗೆಗಳು, ಒಂದು ತೆಂಗಿನಕಾಯಿ, ತೆಂಗಿನಕಾಯಿ ಸಿಕ್ಕಿದಲ್ಲಿ ಒಡೆಯುವುದಕ್ಕೆ ಒಂದು ಸಣ್ಣ ಕತ್ತಿ. ಚೀಲ ಕಾಲಬುಡದಲ್ಲಿ ಇಟ್ಟರೆ ಕೊಳೆಯಾಗುತ್ತದೆ, ಮಡಿಲಲ್ಲಿ ಇಟ್ಟರೆ ತೊಡೆ ನೋಯುತ್ತದೆ. ಗಾಡಿ ಹೊರಟ ಮೇಲೆ ಅವಳು ಅದನ್ನು ಕೈಗೆ ಸಿಕ್ಕಿದ ಗುಂಡಿಗೆ ನೇತುಹಾಕುತ್ತಿದ್ದಳು. ಆ ಗುಂಡಿ ಚೋಕ್. ಚೀಲದ ಭಾರಕ್ಕೆ ಅದು ತಾನಾಗಿಯೇ ಹೊರಗೆ ಬಂದು, ಗಾಡಿ ಪೆಟ್ರೋಲ್ ಕುಡಿದು ಕುಡಿದು ಕರಿ ಹೊಗೆ ಕಾರುತ್ತಿತ್ತು. ಆ ಹೊಗೆಯ ಕಾಯಿಲೆ ಸದಾನಂದನಿಗೆ ನೆನಪಿತ್ತು. ಖಂಡಪ್ಪ ಗುಣ ಮಾಡಿದ್ದೂ ನೆನಪಿತ್ತು. ಹೇಗೆ ಎಂದು ಕೇಳಿರಲಿಲ್ಲ.

“ನಾ ಅಕ್ಕಾರಿಗೆ ಹೇಳಿದೆ, ಒಂದೋ ಚೀಲ ತಗೀರಿ, ಇಲ್ಲಾ ವಾಯರ್ ತಗೀತೀನಿ ಅಂತ,” ಎಂದ ಖಂಡಪ್ಪ. “ವಾಯರ್ ತಗಿ ಅಂದ್ರು.”

“ಮತ್ತೆ ಇಷ್ಟು ವರ್ಷ ಚಳಿಗೆ ಹೇಗೆ ಎದ್ದಿತು?”

“ಅದನ್ನೂ ಕೇಳಿದ್ರು. ಥಂಡ್ಯಾಗ ಕೀ ತಿರುವೂಕ್ಕಿಂತ ಮೊದಲ ಎಕ್ಸಲೇಟರ್ ಮೂರು ಸಲ ಪೂರಾ ತುಳೀರಿ ಅಂದೆ. ತುಳಿದಂಗೊಮ್ಮೆ ಕಾರ್ಬೊರೇಟರ್ ಒಳಗ ಒಂದ್ ಪಿಚಕಾರಿ ಪೆಟ್ರೋಲ್ ಹೊಡೀತದ. ಚೋಕಿನ ಕೆಲಸ ಅದಽ ಮಾಡ್ತದ.”

ಸದಾನಂದ ತಗಡಿನ ಗೋಡೆಗೆ ಒರಗಿದ.

ಧನು ತಿಂಗಳು ಹುಟ್ಟಿತೆಂದರೆ ಶಿವರಾತ್ರಿಯವರೆಗೆ ವಿನೋದಿನಿಯದ್ದೊಂದು ಕ್ರಮ ಇತ್ತು. ಕೀ ತಿರುಗಿಸುವ ಮೊದಲು ಎಕ್ಸಲೇಟರನ್ನು ಮೂರು ಸಲ ಒತ್ತಬೇಕು. ಒಂದು ಗಣಪತಿಗೆ, ಒಂದು ಕಟೀಲಿನ ಅಮ್ಮನಿಗೆ, ಒಂದು ಊರಿನ ದೈವಕ್ಕೆ. ದೇವರಿಗೆ ಯಾರಾದರೂ ಕಾಲಲ್ಲಿ ನಮಸ್ಕಾರ ಮಾಡುತ್ತಾರಾ ಎಂದು ಅವನು ರೇಗಿದರೆ, “ಕೈ ಎರಡೂ ನಿಮಗೆ ಸ್ಟೇರಿಂಗಿಗೆ ಬೇಕಲ್ಲ. ಒತ್ತಿ ಸುಮ್ಮನೆ,” ಎನ್ನುತ್ತಿದ್ದಳು. ಅವನು ಗೊಣಗುತ್ತ ಒತ್ತುತ್ತಿದ್ದ, ಆಮೇಲೆ ಚೋಕನ್ನು ಶಾಸ್ತ್ರೋಕ್ತವಾಗಿ ಎರಡೂವರೆ ಬೆರಳು ಎಳೆಯುತ್ತಿದ್ದ, ಗಾಡಿ ಏಳುತ್ತಿತ್ತು. ಅವಳು ಹೋದ ಮೇಲೆ ಮೊದಲು ಬಿಟ್ಟದ್ದು ಆ ಕ್ರಮವನ್ನು. ಗಣಪತಿ, ಅಮ್ಮ, ದೈವ ಮೂವರೂ ಸೇರಿ ಒಬ್ಬಳನ್ನು ಉಳಿಸಲಿಲ್ಲ. ಅವರಿಗೆ ಇನ್ನು ಕಾಲೂ ಇಲ್ಲ, ಕೈಯೂ ಇಲ್ಲ ಎಂದು ನಿಶ್ಚಯ ಮಾಡಿದ್ದ.

“ನನಗೆ ಯಾಕೆ ಹೇಳ್ಳಿಲ್ಲ ಅವಳು?”

“ನಾ ಅಂದೆ, ಅಣ್ಣಾರಿಗೆ ಹೇಳಿಬಿಡ್ರಿ ಅಂತ. ಅಕ್ಕಾರು ಬ್ಯಾಡ ಅಂದ್ರು. ಆ ಗುಂಡಿ ಎಳೆಯೂದಂದ್ರ ಅವರಿಗೆ ಭಾಳ ಹೆಮ್ಮಿ, ಎಳೀಲಿ ಬಿಡು ಅಂದ್ರು.” ಖಂಡಪ್ಪ ಮೊಣಕಾಲು ಹಿಡಿದು ಎದ್ದ. “ನಡೀರಿ. ವಾಯರ್ ಸಿಗಿಸೂದು ಐದ್ ಮಿನಿಟಿನ ಕೆಲಸ. ಈಗಽ ಬಂದು ಹಾಕಿಕೊಡ್ತೀನಿ.”

ಓಣಿಯಲ್ಲಿ ಯಾರದೋ ಕುಕ್ಕರ್ ಮೂರು ಸೀಟಿ ಹಾಕಿತು.

“ಬೇಡ,” ಎಂದ ಸದಾನಂದ. “ವಾಯರ್ ಹಾಕಿದ್ರೆ ಮತ್ತೆ ಚೀಲ ಎಲ್ಲಿ ಇಡುದು?”

ಖಂಡಪ್ಪ ಮತ್ತೆ ಕೂತ. ಇಬ್ಬರೂ ಇಡ್ಲಿ ತಿಂದರು.

ಅಂದು ಸಂಜೆ ಸದಾನಂದ ಬಾನೆಟ್ ಎತ್ತಿ ನೋಡಿದ. ಚೋಕಿನ ವಾಯರಿನ ತುದಿ ಅಲ್ಲೇ ಇತ್ತು, ಮಲಗಿದ ಬೆಕ್ಕಿನ ಬಾಲದ ಹಾಗೆ ಸುತ್ತಿ, ಕರಿ ಟೇಪ್ ಹಾಕಿ ಕಟ್ಟಿದ್ದು. ಅವನು ಕಿಟಕಿಯಿಂದ ಒಳಗೆ ಕೈ ಚಾಚಿ ಗುಂಡಿ ಎಳೆದ. ವಾಯರಿನ ತುದಿ ಎರಡೂವರೆ ಬೆರಳು ಒಳಕ್ಕೆ ಸರಿಯಿತು, ಗುಂಡಿ ವಾಪಸು ದೂಡಿದಾಗ ಎರಡೂವರೆ ಬೆರಳು ಹೊರಕ್ಕೆ ಬಂತು. ಇಂಜಿನ್ನಿಗೆ ಈ ವ್ಯವಹಾರ ಗೊತ್ತೇ ಇರಲಿಲ್ಲ. ಮಹಾಬಳೇಶ್ವರದ ಆ ಹನ್ನೆರಡು ಮಾಲೀಕರು ಅವನ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ಅವರ ಹಿಂದೆ ಶಾಲು ಹೊದ್ದವಳು.

ಭಾನುವಾರ ಹದಿಮೂರು ಡಿಗ್ರಿ ಎಂದು ಫೋನುಗಳಲ್ಲಿ ಬಂತು. ಸ್ವಾತಂತ್ರ್ಯ ದಿನದ ಧ್ವಜಕ್ಕೆ ಇಳಿಯದವರೂ ಅಂದು ಇಳಿದಿದ್ದರು. ಮೊದಲ ಮಹಡಿಯವರು ಕುರ್ಚಿ ತಂದಿದ್ದರು. ಗೇಟಿನ ಹೊರಗೆ ಭಂಗಾರದವನು ಟೆಂಪೋ ನಿಲ್ಲಿಸಿ, ಪದ್ಮಿನಿಯನ್ನು ಮೇಲಿಂದ ಕೆಳಗೆ ನೋಡುತ್ತ ತೂಕ ಅಂದಾಜು ಮಾಡುತ್ತಿದ್ದ. ಹಳೇ ಅಭ್ಯಾಸಕ್ಕೆ ನಾಲ್ಕೈದು ಗಂಡಸರು ಡಿಕ್ಕಿಯ ಹಿಂದೆ ತೋಳು ಮಡಚಿ ನಿಂತಿದ್ದರು.

ಸದಾನಂದ ಒಂದು ಬಟ್ಟೆಯ ಚೀಲ ಹಿಡಿದು ಇಳಿದ. ಬಾಗಿಲು ತೆಗೆದು, ಕೂತು, ಚೀಲವನ್ನು ಚೋಕಿನ ಗುಂಡಿಗೆ ನೇತುಹಾಕಿದ. ಒಳಗೆ ಎಲ್ಲವೂ ಇದ್ದ ಹಾಗೇ ಇತ್ತು, ತೆಂಗಿನಕಾಯಿ ಮಾತ್ರ ಹೊಸದು. ಭಾರಕ್ಕೆ ಗುಂಡಿ ಪೂರ್ತಿ ಹೊರಗೆ ಬಂತು.

ಅವನು ಕಾಲಿನತ್ತ ನೋಡಿದ. ಮೂವರೊಡನೆಯೂ ಎರಡು ವರ್ಷದಿಂದ ಮಾತಿರಲಿಲ್ಲ. ಗಣಪತಿಗೆ ಒಂದು ಒತ್ತಿದ. ಅಮ್ಮನಿಗೆ ಒಂದು. ಮೂರನೆಯದಕ್ಕೆ ಸ್ವಲ್ಪ ತಡೆದು, ಅದನ್ನು ಊರಿನ ದೈವಕ್ಕೆ ಅಂತ ಅಲ್ಲ, ಬೇರೆ ಒಬ್ಬರಿಗೆ ಅಂತ ಒತ್ತಿದ. ಕೀ ತಿರುಗಿಸಿದ.

ಪದ್ಮಿನಿ ಒಮ್ಮೆ ಕೆಮ್ಮಿತು. ಎರಡನೇ ಸಲಕ್ಕೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ, ಚಳಿಗಾಲ ಎಂಬುದನ್ನು ಯಾವತ್ತೂ ಕೇಳಿಯೇ ಇಲ್ಲ ಎಂಬಂತೆ, ಎದ್ದು ಗುರ್ ಎಂದಿತು. ಗೇಟಿನ ಹತ್ತಿರ ಹೋಗಿ ನಿಲ್ಲಿಸಿದಾಗ ಮನೀಶ್ ಕಿಟಕಿಗೆ ಬಗ್ಗಿದ.

“ಕ್ಯಾ ಥಾ ಅಂಕಲ್? ಪ್ರಾಬ್ಲೆಮ್ ಎಂತದಿತ್ತು?”

“ಚೋಕ್,” ಎಂದ ಸದಾನಂದ. “ಎರಡೂವರೆ ಸಾಕಾಗ್ಲಿಲ್ಲ. ಪೂರ್ತಿ ಎಳೀಬೇಕಿತ್ತು.”

ಮನೀಶ್ ತಲೆಯಾಡಿಸಿದ. ಭಂಗಾರದವನು ಬೀಡಿ ಎಸೆದು ಟೆಂಪೋ ತಿರುಗಿಸಿದ. ಡಿಕ್ಕಿಯ ಹಿಂದೆ ನಿಂತಿದ್ದವರು ಕೈ ಬಿಡಿಸಿ, ಆ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಉಜ್ಜಿಕೊಂಡು, ಲಿಫ್ಟಿನ ಕಡೆ ನಡೆದರು. ಕುರ್ಚಿಗಳು ಒಳಗೆ ಹೋದವು. ಎರಡು ನಿಮಿಷದಲ್ಲಿ ಅಂಗಳದಲ್ಲಿ ಉಳಿದದ್ದು ಕಂಬಳಿ ಹೊದ್ದ ನಾಯಿ ಮತ್ತು ಯಲ್ಲಾಲಿಂಗ.

“ಹಂಗಾರ ನಾಳಿಂದ ಧಕ್ಕಾ ಬ್ಯಾಡನ್ರಿ?” ಯಲ್ಲಾಲಿಂಗ ಮಫ್ಲರ್ ಸರಿಸಿ ಕೇಳಿದ. ಮಫ್ಲರಿನ ಒಳಗೆ ಅವನಿಗೆ ಇಷ್ಟು ಸಣ್ಣ ಮುಖ ಇದೆ ಎಂದು ಸದಾನಂದನಿಗೆ ಗೊತ್ತಿರಲಿಲ್ಲ.

“ಬೇಡ ಮಾರಾಯ.”

“ಛೊಲೋ ಆತು ಬಿಡ್ರಿ,” ಎಂದ ಯಲ್ಲಾಲಿಂಗ. ಗೇಟು ತೆರೆದ, ಮಫ್ಲರ್ ಮೇಲಕ್ಕೆಳೆದುಕೊಂಡ.

ಭಾನುವಾರವಾದ್ದರಿಂದ ಹೈವೇ ಖಾಲಿ. ಹೋಟೆಲಿಗೆ ರಜೆ ಹೇಳಿದ್ದ. ಸದಾನಂದ ತನ್ನ ಕಡೆಯ ಗಾಜು ಏರಿಸಿದ. ಬದಿಗೆ ನಿಲ್ಲಿಸಿ, ಇಳಿದು, ಸುತ್ತು ಬಂದು, ಉಳಿದ ಮೂರನ್ನೂ ಏರಿಸಿದ. ಎರಡು ವರ್ಷದಿಂದ ಅವನು ಬರೀ ವರದಿ ಒಪ್ಪಿಸಿದ್ದ. ಇವತ್ತು ಅವನ ಹತ್ತಿರ ಜಗಳ ಇತ್ತು. ಹೊಸದು, ಬೊರಿವಲಿ ದಾಟುವಷ್ಟು ದೊಡ್ಡದು.

“ಇಪ್ಪತ್ತು ವರ್ಷ,” ಎಂದು ಶುರು ಮಾಡಿದ. “ಇಪ್ಪತ್ತು ವರ್ಷ ನನ್ನ ಹತ್ರ ಎಂತ ಎಳೆಸಿದ್ದು ನೀನು? ಹನ್ನೆರಡು ಜನರ ಎದುರು ಪಾಠ ಮಾಡುವಾಗ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ನನಗೆ ಹೆಮ್ಮೆಯಂತೆ. ಖಂಡಪ್ಪನಿಗೆ ಗೊತ್ತುಂಟು, ನಿನಗೆ ಗೊತ್ತುಂಟು, ಗಾಡಿಗೆ ಗೊತ್ತುಂಟು. ಗೊತ್ತಿಲ್ಲದ್ದು ನನಗೆ ಒಬ್ಬನಿಗೆ.”

ಅಂಧೇರಿ ಹೋಯಿತು. ಜೋಗೇಶ್ವರಿ ಹೋಯಿತು. ಗೋರೆಗಾಂವಿನ ಸಿಗ್ನಲಿನಲ್ಲಿ ಕೆಂಪು ಬಿತ್ತು. ಅವನಿಗೆ ಹೇಳುವುದೆಲ್ಲ ಅಷ್ಟರಲ್ಲಿ ಮುಗಿದಿತ್ತು. ಈಗ ಅವಳ ಸರದಿ. ಅವನು ಪೂರ್ತಿ ಎಡಗಡೆ ತಿರುಗಿ, ಸೀಟಿನ ಸವೆದ ರೆಕ್ಸಿನ್ ನೋಡುತ್ತ, ಕಾದ.

ಇಂಜಿನ್ ಬಿಸಿಯಾಗಿತ್ತು. ಒಂದೇ ಲಯದಲ್ಲಿ ಓಡುತ್ತಿತ್ತು. ಚೀಲ ಅದರ ಜೊತೆ ಸಣ್ಣಗೆ ಅಲ್ಲಾಡುತ್ತಿತ್ತು. ತೆಂಗಿನಕಾಯಿ ಕತ್ತಿಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು.

ಸಿಗ್ನಲ್ ಹಸಿರಾಯಿತು. ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದ. ಇನ್ನೊಮ್ಮೆ ಹೊಡೆದ. ಮೂರನೇ ಸಲ ಹೊಡೆದಾಗ ಸದಾನಂದ ಗೇರ್ ಹಾಕಿ, ಮುಂದೆ ನೋಡಿ ಬಿಟ್ಟ.